ಜುಲೈ ತಿಂಗಳ ಚಿತ್ರ

ಲೆಲಿಫೊಂಟೇನ್, ಕಾಮೀಸ್‌ಬರ್ಗ್ ಬೆಟ್ಟ

ವಸ್ತುಸಂಗ್ರಹಾಲಯದ ಮುಖ್ಯಸ್ಥರಿಗೆ ನಮಸ್ಕಾರ.

ಇನ್ನೂರು ವರ್ಷದ ಹಿಂದೆ ಯುರೋಪಿನ ಪ್ರವಾಸಿಯೊಬ್ಬ ಬಿಡಿಸಿದ ನಮ್ಮ ಖೊಯ್‌ಖೊಯ್ ಜನಾಂಗದ ಹೆಂಗಸೊಬ್ಬಳ ಚಿತ್ರದ ಪ್ರತಿ ತಲುಪಿತು. ಅವಳ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ನಮ್ಮ ಕೊಬಾ ಅಜ್ಜಿ ನೋಡಿದವಳೇ ಬೈದಳು: "ಇವನ ಮನೆ ಹಾಳಾಗ! ಜುಲೈ ಅಂತ ಬರ್ದಿದಾನೆ, ಅವಳು ಹೊದ್ದಿರೋ ಕುರಿದೊಗಲಿನ ತುಪ್ಪಳ ಹೊರಗಿದೆ ನೋಡೇ! ಚಂದ ಕಾಣ್ಲಿ ಅಂತ ಇವನೇ ತಿರುವಿ ಹೊದಿಸಿದಾನೆ."

ತುಪ್ಪಳ ಹೊರಗಾಗಿ ಹೊದೆಯುತ್ತಿದ್ದುದು ಬೇಸಿಗೆಯಲ್ಲಿ; ಚಳಿಗಾಲದಲ್ಲಿ ಅದು ಮೈಗೆ ತಾಗುವಂತೆ ಒಳಗಿರುತ್ತಿತ್ತು. ಭೂಮಿಯ ದಕ್ಷಿಣಾರ್ಧದ ಈ ಬೆಟ್ಟದಲ್ಲಿ ಜುಲೈ ಎಂದರೆ ಹಿಮ ಬೀಳುವ ಚಳಿಗಾಲ.

ಚಿತ್ರದ ಕೆಳಗಿನ ಫಲಕದಲ್ಲಿ ‘ಹಲ್ಲು ಕಚ್ಚಿ ನಿಂತ ಕ್ರೂರ ಹೆಂಗಸು’ ಎಂದಿದೆಯಂತೆ. ಹಲ್ಲು ಕಚ್ಚಿರುವುದು ನಿಜ, ಅದು ಇರಲಿ. ದಯವಿಟ್ಟು ‘ಕ್ರೂರ’ ಎಂಬುದನ್ನು ಅಳಿಸಿ, ಮೊದಲಿಗೆ ‘ಚಳಿಗೆ’ ಎಂದು ಸೇರಿಸಿ.

ಇತಿ,
ದೀನಾ ಸಾಲ್