ಮೂರನೇ ತಿರುವಿನಲ್ಲಿ ನೀವು ನೆಟ್ಟ ಫಲಕ

ಮಾನ್ಯ ರಸ್ತೆ ಅಧಿಕಾರಿಗಳೇ,

ನಮ್ಮ ಕಣಿವೆಯ ಮೂರನೇ ತಿರುವಿನಲ್ಲಿ ನೀವು ನೆಡಿಸಿದ ‘ರಮಣೀಯ ನೋಟ’ ಎಂಬ ಫಲಕವನ್ನು ಕಿತ್ತುಹಾಕಿ ಎಂದು ಕೇಳುವ ನನ್ನ ನಾಲ್ಕನೇ ಪತ್ರವಿದು. ಮೊದಲೆರಡು ತಮ್ಮ ಕಡತದಲ್ಲಿ ಸುಖನಿದ್ರೆಯಲ್ಲಿವೆ. ಮೂರನೆಯದಕ್ಕೆ ‘ಸದರಿ ರಸ್ತೆಯಲ್ಲಿ ಯಾವುದೇ ಅಪಘಾತ ದಾಖಲಾಗಿರುವುದಿಲ್ಲ’ ಎಂಬ ಒಂದು ಸಾಲು ದಯಪಾಲಿಸಿದಿರಿ. ಆದ್ದರಿಂದ ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಸ್ಕಾಟ್ಲೆಂಡಿನ ಈ ಬೆಟ್ಟದ ರಸ್ತೆ ಒಂದೇ ಕಾರಿನಷ್ಟು ಅಗಲ ಎಂಬುದು ತಮಗೆ ತಿಳಿಯದ್ದೇನಲ್ಲ, ಅಳೆದವರು ತಾವೇ. ಎದುರಿಗೆ ವಾಹನ ಬಂದರೆ, ಸೈಡ್ ಕೊಡುವ ಜಾಗ ಯಾರಿಗೆ ಹತ್ತಿರವೋ ಅವರು ರಿವರ್ಸ್ ಹೋಗಬೇಕು. ದಾಟುವಾಗ ಇಬ್ಬರೂ ನಮಸ್ಕಾರವೆಂಬಂತೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಬೇಕು. ಒಂಟಿಯಾಗಿರುವ ನನಗೆ ಎಷ್ಟೋ ದಿನ ಆ ಬೆರಳೇ ಮಾತುಕತೆ. ಸೈಡ್ ಕೊಡುವ ಅಂಥ ಜಾಗವೊಂದರಲ್ಲೇ ತಾವು ಫಲಕ ನೆಟ್ಟಿರಿ. ಪರದೇಶದವರು ಅದನ್ನು ಓದಿ, ಅಲ್ಲೇ ಗಾಡಿ ನಿಲ್ಲಿಸಿ, ಜಿಂಕೆಯ ಫೋಟೋ ತೆಗೆಯುತ್ತಾರೆ. ಅವರದೇನು ತಪ್ಪು? ಬಾಡಿಗೆ ಕಾರಿನ ಕೀಲಿ ಕೊಡುವವರಾದರೂ ನಮ್ಮ ರೂಢಿ ಹೇಳಿಕೊಟ್ಟಿದ್ದಾರೆಯೇ?

ಕಣಿವೆಯಾಚೆಯ ನನ್ನ ಗೆಳತಿ ಎಫಿಗೆ ಎಂಬತ್ತೊಂದು ವರ್ಷ. ನನ್ನ ಹೆಂಡತಿ ತೀರಿಕೊಂಡಾಗಿನಿಂದ ಪ್ರತಿ ಗುರುವಾರ ಓಟ್ಸ್ ರೊಟ್ಟಿ ಕಟ್ಟಿಕೊಂಡು ಬಂದು, ಡಾಮಿನೋ ಆಟದಲ್ಲಿ ಮೋಸ ಮಾಡಿ ಗೆದ್ದು ಹೋಗುತ್ತಿದ್ದಳು. ಕಳೆದ ಜೂನಿನಲ್ಲಿ ಅವಳಿಗೆ ಮೂರನೇ ತಿರುವಿನಲ್ಲಿ ಬಾಡಿಗೆ ಕಾರೊಂದು ಎದುರಾಯಿತು. ಸೈಡ್ ಕೊಡುವ ಜಾಗ ಆ ಕಾರಿನ ಹಿಂದೆ ಹತ್ತೇ ಮಾರು ದೂರ, ಆದರೆ ಅಲ್ಲಿ ಫೋಟೋದವರ ವ್ಯಾನು ನಿಂತಿತ್ತು. ಕಾರಿನಲ್ಲಿದ್ದ ದಂಪತಿ ಕಂಗಾಲು. ಬಂದ ಅತಿಥಿಗಳನ್ನು ಕಾಯಿಸುವುದೇ ಎಂದು ಎಫಿ ತಾನೇ ರಿವರ್ಸ್ ಹೊರಟಳು. ಎರಡನೇ ತಿರುವಿನಲ್ಲಿ ಚಕ್ರ ಜಾರಿ ಅವಳ ಕಾರು ಚರಂಡಿಗೆ ವಾಲಿತು. ದಂಪತಿ ಪಕ್ಕದಲ್ಲೇ ದಾಟುವಾಗ ನಿಧಾನಿಸಿ ನೋಡಿದರು. ಇವಳು ರೂಢಿಯಂತೆ ಬೆರಳೆತ್ತಿದಳು! ಎಲ್ಲ ಸರಿಯಿದೆ ಎಂದುಕೊಂಡು ಅವರೂ ಕೈಬೀಸಿ ಹೊರಟೇ ಹೋದರು.

ಚಹಾ ಆರಿದರೂ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಹೋದವನು ನಾನು. ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು.

“ಅಯ್ಯೋ ಹುಚ್ಚಿ, ಕೂಗೋದು ಬಿಟ್ಟು ಬೆರಳೆತ್ತಿದ್ಯಲ್ಲೇ!” ಎಂದು ಬೈದೆ.

“ಮತ್ತೇನ್ ಮಾಡ್ಲಿ ಫಾರ್ಕರ್? ಎದುರು ಬಂದೋರಿಗೆ ಬೆರಳೆತ್ತದೆ ಇರಕ್ಕಾಗತ್ತಾ? ಪಾಪ, ಹೊಸಬ್ರು. ಕಂಪ್ಲೇಂಟು ಗಿಂಪ್ಲೇಂಟು ಅಂತ ಹೋಗ್ಬೇಡ. ರೊಟ್ಟಿ ಡಬ್ಬಿ ನೋಡು, ಒಡೀತೇನೋ.”

ಒಡೆದದ್ದು ಡಬ್ಬಿಯಲ್ಲ, ಅವಳ ಸೊಂಟದ ಮೂಳೆ. ಆಸ್ಪತ್ರೆಯಲ್ಲೂ ‘ಕಾಲು ಜಾರಿ ಬಿದ್ದೆ’ ಎಂದೇ ಬರೆಸಿದಳು. ತಮ್ಮ ದಾಖಲೆ ಅಷ್ಟು ಶುಭ್ರವಾಗಿರುವ ಗುಟ್ಟು ಇದು.

ಈಗ ಅವಳು ಪಟ್ಟಣದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆ. “ಆ ಬೋರ್ಡ್ ಇರೋವರ್ಗೂ ಆ ರಸ್ತೆಗೆ ನಾನು ಕಾರ್ ತರಲ್ಲ” ಎನ್ನುತ್ತಾಳೆ ಆ ಮಗಳು. ಅವಳನ್ನು ದೂರುವುದು ಹೇಗೆ? ನಾನು ಗುರುವಾರ ಡಾಮಿನೋ ಹರಡಿ, ಎರಡೂ ಕಡೆ ನಾನೇ ಆಡಿ, ಎತ್ತಿಡುತ್ತೇನೆ. ಮೋಸ ಮಾಡುವವರಿಲ್ಲದ ಆಟ ಬಹಳ ಬೇಸರ ಸ್ವಾಮಿ.

ಫಲಕ ಕೀಳಿಸಿ. ಬಾಡಿಗೆ ಕಾರಿನ ಕೀಲಿಯೊಂದಿಗೆ ನಮ್ಮ ರೂಢಿ ಬರೆದ ಚೀಟಿಯೊಂದನ್ನು ಕೊಡಿಸಿ. ಅದರ ಕೊನೆಗೆ ಹೀಗೆ ಸೇರಿಸಿ: ಚರಂಡಿಯೊಳಗಿಂದ ಯಾರಾದರೂ ಬೆರಳೆತ್ತಿದರೆ, ಕಾರು ನಿಲ್ಲಿಸಿ ಕೇಳಿ. ತಮಗೆ ನಾಲ್ಕು ಬೋಲ್ಟ್ ಬಿಚ್ಚಿಸುವ ಕೆಲಸ. ನನಗೆ ನನ್ನ ಗುರುವಾರ ವಾಪಸ್ ಸಿಗುತ್ತದೆ.

ಇಂತಿ,
ಇನ್ನೊಮ್ಮೆ ಮೋಸಹೋಗಿ ಸೋಲಲು ಕಾದಿರುವ
ಫಾರ್ಕರ್ ಮ್ಯಾಥೆಸನ್