ಕೌದಿಯ ನಾಲ್ಕನೆಯ ಹೂವು

ಅಲ್ ಕುಸೈಸ್, ದುಬೈ
೧೬ ಫೆಬ್ರವರಿ ೨೦೨೫, ಭಾನುವಾರ

ಹಳಿಯಾಳ ಸೀಮೆಯ ಕೌದಿ ಸಂಸ್ಥಾನದ ಮಹಾರಾಣಿ, ಹರಿದ ಸೀರೆಗಳ ಉದ್ಧಾರಕಿ, ನನಗಿರುವ ಒಬ್ಬಳೇ ಅಕ್ಕ ಕಾರ್ಮಿನಳಿಗೆ,

ತಂಗಿ ಗರ್ಟ್ರೂಡ್ ಮಂಡಿಯೂರಿ ಮಾಡುವ ನಮಸ್ಕಾರಗಳು. ಎಡಗಾಲಿಗೆ ನೋವಿರುವುದರಿಂದ ಸದ್ಯ ಒಂದೇ ಮಂಡಿ. ಇನ್ನೊಂದನ್ನು ನೀನು ಬಂದಾಗ ಊರುತ್ತೇನೆ.

ಕ್ರಿಸ್‌ಮಸ್‌ಗೆ ಬರೆಯುತ್ತೇನೆಂದ ಪತ್ರ ತಪಸ್ಸುಕಾಲದ ಹೊಸ್ತಿಲಲ್ಲಿ ಬರುತ್ತಿದೆ. ತಪ್ಪಾಯಿತು. ಆಸ್ಪತ್ರೆಯಲ್ಲಿ ರೋಗಿಗಳು ನನ್ನನ್ನು ಕೇಳದೆ ಕಾಯಿಲೆ ಬೀಳುತ್ತಾರೆ, ನಾನೇನು ಮಾಡಲಿ? ಫೋನು ಇಲ್ಲವೇ ಎಂದು ನೀನು ಕೇಳಬಹುದು. ಇದೆ. ಆದರೆ ಫೋನಿನಲ್ಲಿ ನಾನು "ದುಬೈಗೆ ಬಾ" ಎಂದೊಡನೆ ಅತ್ತ ಕಡೆ "ಎಮ್ಮಿ ಒದರಾಕತ್ತೈತಿ, ಇಡತೇನವ್ವಾ" ಎಂಬ ದನಿ ಕೇಳಿಸಿ ಲೈನು ಸತ್ತುಹೋಗುತ್ತದೆ. ಇಷ್ಟು ಸಮಯಪ್ರಜ್ಞೆ ಇರುವ ಎಮ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಗದವಾದರೆ ಎಮ್ಮೆ ಎಷ್ಟೇ ಒದರಿದರೂ ಕೈಯಲ್ಲೇ ಇರುತ್ತದೆ. ಅದಕ್ಕೇ ಹುಬ್ಬಳ್ಳಿಗೆ ಹೋಗುತ್ತಿರುವ ನಮ್ಮ ವಾರ್ಡಿನ ಭವ್ಯಶ್ರೀ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಖರ್ಜೂರವನ್ನೂ ಕಳಿಸುತ್ತಿದ್ದೇನೆ. ಚಷ್ಮಾ ಹಾಕಿಕೊಂಡು ನೀನೇ ಓದು. ಫಾದರ್ ಹತ್ತಿರ ಓದಿಸಬೇಡ, ಇದರಲ್ಲಿ ಬತ್ತಲೆ ಎಂಬ ಶಬ್ದ ಬರುತ್ತದೆ.

ಈಗ ಸುದ್ದಿ ಕೇಳು, ಕುಳಿತುಕೊಂಡು ಕೇಳು. ನಿನ್ನ ಕೌದಿ ದೊಡ್ಡ ಮನುಷ್ಯರ ಸಾಲಿಗೆ ಸೇರಿದೆ!

ನಿನ್ನ ಅಂದರೆ, ನನ್ನ ಮದುವೆಗೆ ನೀನು ಹೊಲಿದುಕೊಟ್ಟದ್ದು. ಅವ್ವನ ಹಸಿರು ಸೀರೆ, ಅಪ್ಪನ ಲುಂಗಿ, ನನ್ನ ಏಳನೇ ಕ್ಲಾಸಿನ ಲಂಗ, ಎಲ್ಲ ಅದರಲ್ಲಿದೆ. ಅಲ್ ಕೂಜ್‌ನಲ್ಲಿ ಗೋದಾಮುಗಳ ನಡುವೆ ವರ್ಷಕ್ಕೊಮ್ಮೆ ಕಪ್ಪು ಜನರ ಚರಿತ್ರೆ, ಸಂಸ್ಕೃತಿ, ಕಲೆಗಳ ಹಬ್ಬವೊಂದು ನಡೆಯುತ್ತದೆ. ಎರಡು ದಿನ ಆ ಗೋದಾಮುಗಳಲ್ಲಿ ಟೈರು, ಟೈಲ್ಸುಗಳ ಬದಲು ಡೋಲು, ಚಿತ್ರ, ಕವಿತೆ, ಕೂದಲು ಹೆಣೆಯುವವರು, ಹೊಗೆಯಾಡುವ ಕಬಾಬು. ನನ್ನ ಜೊತೆ ಕೆಲಸ ಮಾಡುವ ಕೀನ್ಯಾದ ವಂಜಿರು ಅಲ್ಲಿ ಸ್ವಯಂಸೇವಕಿ. ಜನವರಿಯಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದವಳು ಮಂಚದ ಮೇಲಿನ ಕೌದಿ ನೋಡಿ ಚೀರಿದಳು. ನಾನು ಜಿರಳೆ ಅಂದುಕೊಂಡು ಚಪ್ಪಲಿ ಎತ್ತಿದೆ. ಈ ವರ್ಷ ಸಮುದ್ರ ದಾಟಿ ಭಾರತಕ್ಕೆ ಬಂದ ಆಫ್ರಿಕಾದವರ ಬಗ್ಗೆ ಒಂದು ಕೋಣೆ ಮಾಡುತ್ತಿದ್ದಾರಂತೆ, ಅದರಲ್ಲಿಡಲು ಏನೂ ಸಿಕ್ಕಿರಲಿಲ್ಲವಂತೆ. ಸಿಗುವುದು ಹೇಗೆ? ನಮ್ಮ ಮುತ್ತಜ್ಜಂದಿರನ್ನು ಹಡಗಿಗೆ ತುಂಬಿ ಗೋವೆಗೆ ತಂದವರು ಲಗೇಜಿಗೆ ಅವಕಾಶ ಕೊಟ್ಟಿರಲಿಲ್ಲ.

ಕೌದಿ ಒಂದು ವಾರ ಮೊದಲೇ ಹೋಯಿತು. ನಾವು ಹೋದದ್ದು ಶುಕ್ರವಾರ. ನಾವು ಅಂದರೆ ನಾನು, ಶಾಲೆಯಿಂದ ನೇರವಾಗಿ ಟೈ ಕಟ್ಟಿಕೊಂಡೇ ಬಂದ ನನ್ನ ಮಗಳು ಶೆರಿಲ್, ಮತ್ತು ಲಿಯೊನೆಲ್. ನೀನು ನೋಡಿ ಬಹಳ ವರ್ಷವಾದ್ದರಿಂದ ಮತ್ತೊಮ್ಮೆ ಪರಿಚಯಿಸುತ್ತೇನೆ: ಲಿಯೊನೆಲ್ ನನ್ನ ಗಂಡ, ವಾರವಿಡೀ ಅಬುಧಾಬಿಯ ಮುಸಫ್ಫಾದಲ್ಲಿ ಪೈಪುಗಳ ಲೆಕ್ಕ ಇಡುತ್ತಾ, ವಾರದ ಕೊನೆಗೆ ಒಗೆಯುವ ಬಟ್ಟೆಯ ಸಮೇತ ಮನೆಗೆ ಬರುವ ಮಂಗಳೂರಿನ ಪುರುಷರತ್ನ.

ಬಾಗಿಲಲ್ಲೇ ಚಹಾದ ಗಾಡಿ. ಮಾರುವವರು ಉಪ್ಪಿನಂಗಡಿಯ ಇದಿನಬ್ಬ. ಲಿಯೊನೆಲ್‌ನ ಮುಖ ನೋಡಿದ ಕೂಡಲೇ ಅವರಿಗೆ ಊರಿನ ವಾಸನೆ ಬಡಿಯಿತು.

"ಮಂಗಳೂರಾ ಸಾರ್? ಬಚಾವ್! ಬೆಳಿಗ್ಗೆಯಿಂದ ಕೈಸನ್ನೆಯಲ್ಲೇ ಚಾ ಮಾರ್ತಾ ಇದ್ದೇನೆ. ನಿಮ್ಮ ಪಕ್ಕದಲ್ಲಿ ನಿಂತಿದ್ದಾರಲ್ಲ, ಆ ಆಫ್ರಿಕಾದ ಅಕ್ಕನಿಗೆ ಸಕ್ಕರೆ ಎಷ್ಟು ಅಂತ ಒಮ್ಮೆ ಇಂಗ್ಲಿಷಲ್ಲಿ ಕೇಳಿ ಮಾರಾಯ್ರೆ."

ಪುರುಷರತ್ನ ಮೀಸೆಯೊಳಗೇ ನಕ್ಕು ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದ: "ಮೇಡಂ, ಶುಗರ್?"

"ಒಂದು ಚಮಚ ಸಾಕ್ರೀ ಇದಿನಬ್ಬಣ್ಣ," ಎಂದೆ. "ಇವರಿಗೆ ಹಾಕಲೇಬೇಡಿ, ಮೊದಲೇ ಸಿಹಿ ಜಾಸ್ತಿಯಾಗಿದೆ."

ಇದಿನಬ್ಬರ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ಯಾ ಅಲ್ಲಾ! ನೀವು ಕನ್ನಡವಾ? ಯಾವ ಊರಕ್ಕ?"

"ಹಳಿಯಾಳ."

"ಅದಲ್ಲ, ಮೂಲ ಎಲ್ಲಿ?"

"ಹಳಿಯಾಳದಿಂದ ಇನ್ನೂ ಸ್ವಲ್ಪ ಒಳಗೆ."

ಶೆರಿಲ್ ಕಣ್ಣು ಮೇಲೆ ಮಾಡಿದಳು. ಈ ಎರಡನೇ ಪ್ರಶ್ನೆ ಅವಳಿಗೆ ಶಾಲೆಯಲ್ಲಿ ದಿನಾ ಎದುರಾಗುತ್ತದೆ. ಅಪ್ಪನ ಮೂಗು, ನಮ್ಮ ಕೂದಲು ಅವಳಿಗೆ. ಅದಕ್ಕೇ ಇತ್ತೀಚೆಗೆ ಯಾರು ಕೇಳಿದರೂ "ಅಲ್ ಕುಸೈಸ್, ಮೆಟ್ರೋ ಹತ್ತಿರ" ಎಂದು ಹೇಳಿ ವ್ಯವಹಾರ ಮುಗಿಸುತ್ತಾಳೆ.

ಒಳಗೆ ಹೋದೆವು. ಕೋಣೆಯ ನಡುವೆ, ದೀಪದ ಕೆಳಗೆ, ಗಾಜಿಲ್ಲದ ದೊಡ್ಡ ಮರದ ಚೌಕಟ್ಟಿನಲ್ಲಿ ನಿನ್ನ ಕೌದಿ. ನನ್ನ ಎದೆ ಉಬ್ಬಿ ಕುಪ್ಪಸದ ಗುಂಡಿಗೆ ಅಪಾಯ ಬಂತು. ಮರುಕ್ಷಣವೇ ನೋಡಿದೆ: ಚೌಕಟ್ಟಿಗೆ ಸರಿಹೊಂದಲಿ ಎಂದು ನಾಲ್ಕೂ ಮೂಲೆಗಳನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದಾರೆ. ಮೂಲೆಯ ಬಟ್ಟೆಹೂವು ಒಂದೂ ಕಾಣುತ್ತಿಲ್ಲ! ನೀನು ಚಿಕ್ಕಂದಿನಲ್ಲಿ ನನ್ನ ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಕಲಿಸಿದ ಪಾಠ ಅದೊಂದೇ. ನಡುವೆ ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯದಿದ್ದರೆ ಕೌದಿಯ ಹೊಟ್ಟೆ ಖಾಲಿ, ಮೂಲೆಗೆ ಹೂವಿಲ್ಲದಿದ್ದರೆ ಕೌದಿ ಬತ್ತಲೆ. ನನಗೆ ತಡೆಯಲಿಲ್ಲ.

"ಅಯ್ಯೋ ದೇವರೇ, ಬತ್ತಲೆ ನಿಲ್ಲಿಸಿಬಿಟ್ಟಿದ್ದಾರೆ!"

ಅಕ್ಕ, ಈ ಊರಿನಲ್ಲಿ ಆ ಶಬ್ದವನ್ನು ಎಷ್ಟು ಜೋರಾಗಿ ಕೂಗಬಾರದೋ ಅಷ್ಟು ಜೋರಾಗಿ ಕೂಗಿದ್ದೆ. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಇದಿನಬ್ಬರಿಗೆ ಕೇಳಿಸಿತು. ಅಲ್ಲಿದ್ದವರಲ್ಲಿ ಕನ್ನಡ ಬಲ್ಲ ಹೊರಗಿನವರು ಅವರೊಬ್ಬರೇ. ಏನು ಗಲಾಟೆ ಎಂದು ಕೇಳಿದ ಸೆಕ್ಯುರಿಟಿಯವನಿಗೆ ಅವರು ಅತ್ಯಂತ ಪ್ರಾಮಾಣಿಕವಾಗಿ ಹಿಂದಿಗೆ ಭಾಷಾಂತರ ಮಾಡಿದರು: "ಅಂದರ್ ಕೋಯಿ ನಂಗಾ ಖಡಾ ಹೈ, ಭಾಯ್!"

ಮುಂದಿನದನ್ನು ನೀನೇ ಊಹಿಸು. ಇಬ್ಬರು ಗಾರ್ಡುಗಳು ಓಡಿ ಬಂದರು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು, ಗಂಡಸರು ತಮ್ಮ ಕಣ್ಣು ತೆರೆದುಕೊಂಡರು. ಬತ್ತಲೆ ನಿಂತವನು ಎಲ್ಲಿಯೂ ಸಿಗದೆ, ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದೆ, ಗಾರ್ಡುಗಳು ಮೂಲೆಯಲ್ಲಿದ್ದ ಪಾಪದ ಮರದ ಅಜ್ಜನ ಬೊಂಬೆಯೊಂದಕ್ಕೆ ಟೇಬಲ್ಲಿನ ಬಟ್ಟೆ ಉಡಿಸಿದರು. ಅಜ್ಜನಿಗೆ ಅದು ಒಪ್ಪುತ್ತಿತ್ತು.

ವಂಜಿರು ಬೆವರು ಒರೆಸಿಕೊಳ್ಳುತ್ತಾ ಬಂದಳು. ಜೊತೆಗೆ ಹಬ್ಬದ ಮುಖ್ಯಸ್ಥೆ, ಬಿಳಿ ಕೂದಲಿನ ಅಮೆರಿಕದ ಕಪ್ಪು ಮೇಡಂ. "ಯಾರು ಬತ್ತಲೆ?" ಎಂದರು. "ನನ್ನ ಅಕ್ಕನ ಕೌದಿ," ಎಂದೆ. ಹೂವಿನ ಕಥೆ ಹೇಳಿದೆ, ಅಕ್ಕಿಕಾಳಿನ ಕಥೆ ಹೇಳಿದೆ. ಮೇಡಂ ಕೌದಿಯ ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ಕಾಳು ಕೈಗೆ ಸಿಕ್ಕಿತು. ಅವರ ಅಜ್ಜಿಯೂ ಹಳೇ ಬಟ್ಟೆಯಲ್ಲಿ ಇಂಥದ್ದೇ ಹೊಲಿಯುತ್ತಿದ್ದರಂತೆ. ಕಣ್ಣು ಒರೆಸಿಕೊಂಡು, "ಬಿಚ್ಚಿರಿ ಆ ಚೌಕಟ್ಟನ್ನು," ಎಂದು ಗುಡುಗಿದರು.

ಚೌಕಟ್ಟಿನ ಕೆಳಗೊಂದು ಚೀಟಿ ಇತ್ತು: "ಸಿದ್ದಿ ಕೌದಿ, ಕರ್ನಾಟಕ. ಹೊಲಿದವರು: ತಿಳಿದಿಲ್ಲ." ತಿಳಿದಿಲ್ಲವಂತೆ! ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನಿಂದ ಹಿಡಿದು ಬಿಷಪ್ಪರ ಡ್ರೈವರಿನವರೆಗೆ ನಿನ್ನ ಹತ್ತಿರ ಬೈಸಿಕೊಳ್ಳದವರಿಲ್ಲ. ಇವರಿಗೆ ತಿಳಿದಿಲ್ಲವಂತೆ. ಅದನ್ನೂ ಕೀಳಿಸಿದೆ.

ಕೌದಿಯನ್ನು ನಮ್ಮ ಅಂಗಳದಲ್ಲಿ ಬಿಸಿಲಿಗೆ ಹಾಕುವಂತೆ ಹಗ್ಗಕ್ಕೆ ಹಾಕಿದರು. ಮೂರು ಮೂಲೆಯಲ್ಲಿ ಹೂವು, ನಾಲ್ಕನೆಯದು ಬೋಳು. ವಂಜಿರು ಗಾಬರಿಯಾಗಿ, "ನಾವು ಕಳೆದೆವಾ?" ಎಂದಳು.

"ಇಲ್ಲ, ಅದನ್ನು ನನ್ನ ವಾಷಿಂಗ್ ಮೆಷಿನ್ ಎಂದೋ ತಿಂದಿದೆ," ಎಂದೆ. ಆ ಮೆಷಿನನ್ನು ನಾನು ಬೈಯದ ದಿನವಿಲ್ಲ, ನಿನಗೇ ಗೊತ್ತು.

ಲಿಯೊನೆಲ್ ಕೆಮ್ಮಿದ. ಕಾರನ್ನು ಬೇರೆ ಕಡೆ ನಿಲ್ಲಿಸಬೇಕೆಂದು ಹೊರಗೆ ಹೋದ.

ಅಷ್ಟರಲ್ಲಿ ಶೆರಿಲ್ ತನ್ನ ಕುತ್ತಿಗೆಯ ಟೈ ಬಿಚ್ಚಿದಳು. "ಮಮ್ಮಾ, ವಿಲ್ ದಿಸ್ ಡೂ?" ನಾನು ಬಾಯಿ ತೆರೆಯುವ ಮೊದಲೇ ವಂಜಿರುವಿನ ಜೇಬಿನಲ್ಲಿದ್ದ ಬ್ಯಾಂಡೇಜು ಕತ್ತರಿಯಿಂದ ಶಾಲೆಯ ಗೌರವವನ್ನು ನಾಲ್ಕು ತುಂಡು ಮಾಡಿದಳು. ತುಂಡನ್ನು ತ್ರಿಕೋನವಾಗಿ ಮಡಚುವುದು, ಒಂದರ ಮೇಲೊಂದು ಕೂರಿಸುವುದು ಹೇಳಿಕೊಟ್ಟೆ. ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು, ನಾಲಿಗೆ ಹೊರಗೆ ಹಾಕಿ, ಥೇಟು ನಿನ್ನ ಹಾಗೆ, ಹೊಲಿದಳು. ಕೆಂಪು ನೀಲಿ ಪಟ್ಟೆಯ ಹೂವು. ಹೊಲಿಗೆ ಒಂದು ಹಳಿಯಾಳಕ್ಕೆ ಹೋದರೆ ಇನ್ನೊಂದು ಯಲ್ಲಾಪುರಕ್ಕೆ ಹೋಗಿದೆ. ಇರಲಿ. ಆಮೇಲೆ ಹೊಸ ಚೀಟಿ ಬರೆದಳು. ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನಾನು ತೋರಿಸಿದ ಅಕ್ಷರ ನೋಡಿ ನೋಡಿ ಕನ್ನಡದಲ್ಲಿಯೂ ಬರೆದಳು: ಕಾರ್ಮಿನ ಸಿದಿ. ಒತ್ತಕ್ಷರ ಮರೆತಿದ್ದಳು, ಇದಿನಬ್ಬ ಹಿಂದಿನಿಂದ ಕೂಗಿದರು: "ಮಗಾ, ದಕ್ಕೆ ಒಂದು ಒತ್ತು ಕೊಡು, ದೊಡ್ಡಮ್ಮ ಬಯ್ತಾರೆ!"

ಸಂಜೆ ಡೋಲು ಶುರುವಾಯಿತು. ಸೆನೆಗಲ್‌ನವರು, ಸುಡಾನಿನವರು, ಕೊನೆಗೆ ಇಲ್ಲಿಯವರೇ ಆದ ಕಪ್ಪು ಅರಬ್ಬಿ ಅಜ್ಜಂದಿರು, ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟು. ಅವರು ಬಾರಿಸಿದ್ದು ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಅದು ನಮ್ಮ ಅಜ್ಜನ ಡಮಾಮಿಯ ಬಡಿತ, ಅಕ್ಕ! ಹಾಗೇ ಇತ್ತು! ನನ್ನ ಮಂಡಿಗೆ ನೋವಿದೆ ಎಂಬುದು ಮಂಡಿಗೆ ಮರೆತುಹೋಯಿತು. ನಾನು ಕುಣಿದೆ. ವಂಜಿರು ಕುಣಿದಳು, ಮೇಡಂ ಕುಣಿದರು, ಇದಿನಬ್ಬ ತಟ್ಟೆ ಕೆಳಗಿಡದೆಯೇ ಸೊಂಟ ಅಲ್ಲಾಡಿಸಿ, "ಆಮಿನಾಳಿಗೆ ಯಾರೂ ವಿಡಿಯೊ ಕಳಿಸಬೇಡಿ" ಎಂದು ಎಲ್ಲರಲ್ಲೂ ಬೇಡಿಕೊಂಡರು. ಆಮಿನಾ ಅವರ ಹೆಂಡತಿ.

ಮೈಕು ಹಿಡಿದವನು ಶೆರಿಲ್‌ಳನ್ನು ಕೇಳಿದ, ಎಲ್ಲಿಯವಳು ನೀನು ಎಂದು. ನಾನು ಅವಳ ಬಾಯಲ್ಲಿ ಮೆಟ್ರೋ ಬರುವುದನ್ನು ಕಾಯುತ್ತಿದ್ದೆ. ಅವಳು "ಹಳಿಯಾಳ" ಎಂದಳು. ಎರಡನೇ ಪ್ರಶ್ನೆ ಬರಲೇ ಇಲ್ಲ. ಇಡೀ ಗೋದಾಮು ಚಪ್ಪಾಳೆ ಹೊಡೆಯಿತು. ಹಳಿಯಾಳ ಎಲ್ಲಿದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಆ ಮಾತು ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ವರ್ಷದ ಹಬ್ಬಕ್ಕೆ ನಿನ್ನನ್ನೇ ಕರೆಯುತ್ತಿದ್ದಾರೆ. ಟಿಕೆಟ್, ವೀಸಾ ಅವರದು. ನೀನು ಜನರ ಮುಂದೆ ಕುಳಿತು ಹೊಲಿಯಬೇಕು, ಅಷ್ಟೇ. ಬೈಯುವುದಕ್ಕೂ ಅನುಮತಿ ಇದೆ, ಕೇಳಿದ್ದೇನೆ. ಶೆರಿಲ್‌ಳ ನಾಮಕರಣದ ದಿನ ಮಂಗಳೂರಿನಲ್ಲಿ ಇಡ್ಲಿಯಂಥ ಸಣ್ಣಾ, ಹಂದಿ ಸಾರು ಬಡಿಸಿದ ತಟ್ಟೆಯನ್ನು ಮುಟ್ಟದೆ "ಬಸ್ಸು ತಪ್ಪತೈತಿ" ಎಂದು ಎದ್ದು ಹೋದವಳು ನೀನು, ನಮ್ಮ ಮನೆಗೆ ಮತ್ತೆ ಕಾಲಿಟ್ಟಿಲ್ಲ. ನಾನು ಆಗ ಆರು ತಿಂಗಳು ಮುನಿಸಿಕೊಂಡಿದ್ದೆ. ಈಗ ಅದನ್ನೆಲ್ಲ ಬಿಟ್ಟಿದ್ದೇನೆ, ಬಹುಪಾಲು.

ಇವತ್ತು ಪೂಜೆ ಮುಗಿಸಿ ಅತ್ತೆ ಮಂಗಳೂರಿನಿಂದ ವಿಡಿಯೊ ಕಾಲ್ ಮಾಡಿದ್ದರು. ಫೋಟೋ ನೋಡಿದ್ದಾರೆ. ಇಡೀ ಇಗರ್ಜಿಗೆ ತೋರಿಸಿದ್ದಾರೆ. "ನೋಡು ಗರ್ಟ್ರೂಡ್, ಆ ಕೌದಿ ಇಲ್ಲಿ ನಮ್ಮ ಮನೆಯಲ್ಲಿದ್ದಾಗ ನಾನು ಎಷ್ಟು ಜೋಪಾನ ಮಾಡಿ ಇಟ್ಟಿದ್ದೆ!" ಎಂದರು. ಲಿಯೊನೆಲ್ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದ. ಗಂಡಸರು ಪಾತ್ರೆ ತೊಳೆಯುವುದನ್ನು ತಡೆಯಬಾರದೆಂದು ನಾನು ಸುಮ್ಮನಿದ್ದೆ.

ನಿನ್ನ ಕಣ್ಣು, ನಿನ್ನ ಸೂಜಿ, ನಿನ್ನ ನಾಲಿಗೆ ಮೂರನ್ನೂ ದೇವರು ಹರಿತವಾಗಿಯೇ ಇಟ್ಟಿರಲಿ. ಎಮ್ಮೆಗೂ ಮಾತೆ ಮರಿಯಳ ಕಾಪು ಇರಲಿ, ಅದರ ಗಂಟಲು ಮಾತ್ರ ಸ್ವಲ್ಪ ಕೂರಲಿ.

ನಿನ್ನ ತಂಗಿ,
ಗರ್ಟ್ರೂಡ್

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಲಿಯೊನೆಲ್ ಬಂದು ಎದುರು ಕುಳಿತ. "ಮೆಷಿನ್ ತಿಂದದ್ದಲ್ಲ," ಎಂದ.

ಎಲ್ಲ ಹೇಳಿದ, ಅಕ್ಕ. ಅತ್ತೆ ಆ ಕೌದಿಯನ್ನು ಹಿಂದಿನ ಜಗಲಿಯಲ್ಲಿ ಜಿಮ್ಮಿ ನಾಯಿಗೆ ಹಾಸಿದ್ದರಂತೆ. ನಾಮಕರಣದ ದಿನ ನೀನು ಕೈ ತೊಳೆಯಲು ಹಿಂದೆ ಹೋದಾಗ ನೋಡಿದೆಯಂತೆ. ಜಿಮ್ಮಿಯ ಬಾಯಿಂದ ಹೂವನ್ನು ಬಿಡಿಸಿ, ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡೆಯಂತೆ. ಇವನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದನಂತೆ. ನೀನು ಹೋದ ಮೇಲೆ ಕೌದಿಯನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು, ಅಮ್ಮನೇ ಕೊಟ್ಟಳೆಂದು ನನಗೆ ಹೇಳಿದ. ನೀನೂ ಹೇಳಲಿಲ್ಲ. ನಾನು ಇಷ್ಟು ವರ್ಷ ಒಂದು ಬಡಪಾಯಿ ಮೆಷಿನನ್ನು ಬೈದೆ. ನಿನ್ನನ್ನೂ ಬೈದೆ.

ಕೌದಿಗೂ ಹಸಿವಾಗಬಾರದೆಂದು ಅಕ್ಕಿ ಇಡುವವಳು, ನನ್ನ ಮನೆಯಿಂದ ಹಸಿದುಕೊಂಡು ಹೋದೆ.

ಆ ಹೂವು ಇನ್ನೂ ನಿನ್ನ ಹತ್ತಿರ ಇದ್ದರೆ ಭವ್ಯಶ್ರೀ ಕೈಯಲ್ಲಿ ಕಳಿಸಬೇಡ. ನೀನೇ ತಾ. ಶೆರಿಲ್‌ಳ ಟೈ ಹೂವನ್ನು ಬಿಚ್ಚುವುದು ಬೇಡ, ಅದರ ಮೇಲೆಯೇ ಕೂರಿಸಿ ಹೊಲಿಯೋಣ. ಆದರೆ ಬಂದವಳು ಮೊದಲು ಊಟ ಮಾಡು. ಇಲ್ಲಿ ಬಸ್ಸು ರಾತ್ರಿಯಿಡೀ ಇರುತ್ತದೆ.