ಜಗ್ಗಿದರೆ ಬಿಚ್ಚುವ ಗಂಟು

ದಿಗ್ಗೇವಾಡಿ

ಕೋಮಲಳ ಅಪ್ಪಾರಿಗೆ,

ಇವತ್ತು ಹೊಳೆ ನೀರು ಮತ್ತೆ ಹಿತ್ತಲಿಗೆ ಬಂತು. ಜೋಳದ ಚೀಲ, ಹಾಸಿಗೆ, ಔಷಧ ಎಲ್ಲ ನಾನು ಮೊದಲೇ ಕಟ್ಟಿಟ್ಟಿದ್ದೆ. ಎಮ್ಮೆ ಮಾತ್ರ ಹಿತ್ತಲ ಕೊಟ್ಟಿಗೆಯಲ್ಲೇ ಉಳಿದಿತ್ತು.

"ಅವ್ವಾ, ನೀ ರಸ್ತಾದ ಮ್ಯಾಲ ನಿಂದರ, ನಾ ಬಿಚ್ಚತೀನಿ" ಎಂದು ಕೋಮಲ ನೀರಿಗಿಳಿದಳು. ಹಗ್ಗದ ತುದಿಯನ್ನು ಒಮ್ಮೆ ಜಗ್ಗಿದಳು, ನಾನು ಹಾಕಿದ್ದ ಗಂಟು ಬಿಚ್ಚಿತು. ಎಮ್ಮೆಯ ಹಿಂದೆ ಅವಳೂ ಬಂದಳು.

"ನಿನ್ನ ಗಂಟಿಗೆ ಎಮ್ಮಿನೂ ನಗತೈತಿ ಬಿಡ" ಎನ್ನುತ್ತಿದ್ದಿರಿ. ಹಿಂದಿನ ಮಹಾಪೂರದಲ್ಲಿ ಕಗ್ಗಂಟು ಹಾಕಿದ್ದವರು ನೀವು, ಬಿಚ್ಚಲು ಹೋದವರೂ ನೀವೇ. ಮರಳಿ ಬರಲಿಲ್ಲ.

ಈಗ ಶಾಲೆಯ ಅಂಗಳದಲ್ಲಿದ್ದೇವೆ. ಎಮ್ಮೆಯನ್ನು ಕೋಮಲಳೇ ಕಟ್ಟಿದ್ದಾಳೆ. ನಾನು ಎದ್ದೆದ್ದು ಹೋಗಿ ಹಗ್ಗ ಜಗ್ಗಿ ನೋಡುತ್ತೇನೆ. ಪ್ರತಿ ಸಲವೂ ಬಿಚ್ಚುತ್ತದೆ. ಮತ್ತೆ ಕಟ್ಟಿ ಬರುತ್ತೇನೆ.